ಮೊದಲು ಉಪ್ಪು ಇಳಿಸಿ, ಆಮೇಲೆ ಮೊಳೆ ಹೊಡೆಯಿರಿ

ಜೂನ್ ಎರಡನೆಯ ವಾರ. ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಮಲ್ಪೆಯ ಮನೆಯೊಂದರಿಂದ ಫೋನ್ ಬಂತು. "ಮೇಡಂ, ನೀವು ಹಾಕಿಸಿದ ಹಲಗೆ ಬೆವರುತ್ತಿದೆ."

ಹೋಗಿ ನೋಡಿದೆ. ಮಲಗುವ ಕೋಣೆಯಲ್ಲಿ, ಅಲಂಕಾರಕ್ಕೆಂದು ಮಂಚದ ಎದುರಿನ ಗೋಡೆಗೆ ನಾನೇ ನಿಂತು ಹಾಕಿಸಿದ ಆರಡಿ ಉದ್ದದ ದೋಣಿಯ ಹಲಗೆ ಅದು. ಒಡೆದು ಹಾಕಿದ ಹಳೆಯ ಮರದ ದೋಣಿಯದು, ಸೌದೆಯ ಲೆಕ್ಕದಲ್ಲಿ ತೂಗಿಸಿ ತಂದದ್ದು. ಕೆಳ ಅಂಚಿನಲ್ಲಿ ಸಾಲಾಗಿ ಹನಿಗಳು ನಿಂತಿದ್ದವು. ಬಿಳಿ ಗೋಡೆಯ ಮೇಲೆ ಕಂದು ಗೆರೆಗಳು ಇಳಿದಿದ್ದವು, ಮೊಳೆಗಳ ಸುತ್ತ ತುಕ್ಕು ಹರಡಿತ್ತು. ಮಾಡು ಸೋರಿರಲಿಲ್ಲ, ಪಕ್ಕದ ಗೋಡೆ ಒಣಗಿಯೇ ಇತ್ತು. ನಾಲ್ಕು ಹನಿಗಳನ್ನು ಸ್ಟೀಲ್ ಚಮಚಕ್ಕೆ ಇಳಿಸಿ ಒಲೆಯ ಮೇಲೆ ಹಿಡಿದೆ. ನೀರು ಆರಿತು, ಚಮಚದ ತಳದಲ್ಲಿ ಬೆಳ್ಳಗೆ ಉಪ್ಪು ಉಳಿಯಿತು.

ಅಡುಗೆಮನೆಯ ಉಪ್ಪಿನ ಭರಣಿ ಮಳೆಗಾಲದಲ್ಲಿ ನೀರಾಗುವುದು ಕರಾವಳಿಯವರಿಗೆ ಹೊಸದಲ್ಲ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಷಿಯಂ ಲವಣ ಅದಕ್ಕೂ ಬಹಳ ಮೊದಲೇ ಈ ಕೆಲಸ ಶುರುಮಾಡುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ವರ್ಷಗಟ್ಟಲೆ ಅದರಲ್ಲಿ ನೆನೆದ ಮರ ಎಷ್ಟು ಕುಡಿದಿರಬಹುದು, ಲೆಕ್ಕ ಹಾಕಿ. ಅಂದು ನಾನು ಹಲಗೆಯನ್ನು ತೊಳೆಸಿದ್ದೆ, ಬಿಸಿಲಿಗೆ ಇಟ್ಟಿದ್ದೆ, ಎಣ್ಣೆಯನ್ನೂ ಹಚ್ಚಿಸಿದ್ದೆ. ಒಳಗಿನ ಉಪ್ಪನ್ನು ಇಳಿಸಿರಲಿಲ್ಲ. ಆ ತಪ್ಪು ನನ್ನದು. ಅಲ್ಲಿಂದ ಮುಂದೆ, ಕಡಲಿನಿಂದ ಬಂದ ಯಾವ ವಸ್ತುವನ್ನೂ ಉಪ್ಪು ಇಳಿಸದೆ ನಾನು ಮಲಗುವ ಕೋಣೆಗೆ ಬಿಟ್ಟಿಲ್ಲ.

ಇಳಿಸುವುದು ಕಷ್ಟವಲ್ಲ, ತಾಳ್ಮೆ ಬೇಕು ಅಷ್ಟೇ. ದೊಡ್ಡ ಡ್ರಮ್ಮಿನಲ್ಲೋ ತೊಟ್ಟಿಯಲ್ಲೋ ಸಿಹಿನೀರು ತುಂಬಿ ಮರವನ್ನು ಪೂರ್ತಿ ಮುಳುಗಿಸಿ, ಮೇಲೆ ಕಲ್ಲು ಹೇರಿ. ಮೊದಲ ವಾರ ದಿನಕ್ಕೊಮ್ಮೆ, ಆಮೇಲೆ ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ದಡಕ್ಕೆ ತೇಲಿ ಬಂದ, ಕೈಬೆರಳಿನಷ್ಟು ದಪ್ಪದ ಕೊರಡಿಗೆ ಹತ್ತು ದಿನ ಸಾಕಾಗಬಹುದು, ದೋಣಿಯ ಹಲಗೆಗೆ ತಿಂಗಳೂ ಹಿಡಿಯುತ್ತದೆ. ಮುಗಿಯಿತೆಂದು ತಿಳಿಯುವುದು ಹೇಗೆ? ಕುಡಿಯುವ ನೀರಿನ ಯಂತ್ರ ರಿಪೇರಿಗೆ ಬರುವವರ ಕೈಯಲ್ಲಿ ಟಿಡಿಎಸ್ ಮೀಟರ್ ಎಂಬ, ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಪೆನ್ನಿನಂಥ ಸಾಧನ ಇರುತ್ತದೆ. ಬೆಲೆ ಕಡಿಮೆ, ಒಂದನ್ನು ಕೊಂಡಿಡಿ. ನೀರು ತುಂಬಿಸಿದಾಗ ತೋರಿಸಿದ ಅಂಕಿಯೂ ಎರಡು ದಿನ ಬಿಟ್ಟು ತೋರಿಸುವ ಅಂಕಿಯೂ ಹೆಚ್ಚುಕಡಿಮೆ ಒಂದೇ ಆದರೆ ಮರ ಉಪ್ಪು ಬಿಡುವುದನ್ನು ನಿಲ್ಲಿಸಿದೆ ಎಂದರ್ಥ. ಆಮೇಲೆ ನೆರಳಿನಲ್ಲಿ, ಗಾಳಿಯಾಡುವ ಜಗಲಿಯಲ್ಲಿ ನಿಧಾನವಾಗಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಸೀಳುತ್ತದೆ. ಅಗಸೆ ಎಣ್ಣೆ ಹಚ್ಚುವುದಾದರೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಹಗ್ಗದ ಮೇಲೆ ಹರವಿ ಒಣಗಿಸಿ.

ಕೊರಡಿನ ತುಂಬ ಪೆನ್ಸಿಲ್ ಗಾತ್ರದ ತೂತುಗಳಿದ್ದರೆ ಹೆದರಬೇಕಿಲ್ಲ. ಅದು ಕಡಲಿನ ಮರಕೊರಕದ ಕೆಲಸ. ಹುಳುವಿನಂತೆ ಕಂಡರೂ ಅದು ಮರುವಾಯಿಯ ಬಂಧು, ಚಿಪ್ಪಿನ ಜೀವಿ. ಉಪ್ಪುನೀರು ಬಿಟ್ಟರೆ ಬದುಕುವುದಿಲ್ಲ, ನಿಮ್ಮ ಕಪಾಟಿಗೆ ಬರುವುದಿಲ್ಲ. ಆ ತೂತುಗಳನ್ನು ಮೇಣ ತುಂಬಿ ಮುಚ್ಚಬೇಡಿ, ಮರದ ಚಂದವೇ ಅದು. ತೂತಿನಿಂದ ಹೊಸ ಪುಡಿ ಉದುರುತ್ತಿದ್ದರೆ ಮಾತ್ರ ಅದು ಒಣಮರ ತಿನ್ನುವ ಹುಳು. ಅಂಥದ್ದು ಮನೆಯೊಳಗೆ ಬೇಡ.

ಹಲಗೆಯ ಮೇಲಿನ ಹಳೆಯ ಬಣ್ಣದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಉಜ್ಜಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ವಿಷವಾದ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ, ಅದೂ ಮನೆಬಳಕೆಯ ಬಣ್ಣಗಳಿಗೆ. ದೋಣಿಗೆ ಬಳಿದದ್ದು ಏನೆಂದು ಯಾರು ಬಲ್ಲರು? ಉದುರುವ ಚಕ್ಕೆಗಳನ್ನು ಒದ್ದೆ ಬಟ್ಟೆಯಲ್ಲಿ ತೆಗೆದು, ಉಳಿದದ್ದರ ಮೇಲೆ ಬಣ್ಣವಿಲ್ಲದ ವಾರ್ನಿಷ್ ಎರಡು ಕೋಟು ಕೊಡಿ. ಮಕ್ಕಳು ಮಲಗುವ ಕೋಣೆಯಾದರೆ ಬಣ್ಣದ ಹಲಗೆಯೇ ಬೇಡ.

ಚಿಪ್ಪುಗಳಿಗೆ ವಿನೆಗರ್ ಹಾಕಿ ತೊಳೆಯುವವರು ಬಹಳ. ಚಿಪ್ಪು ಎಂದರೆ ಸುಣ್ಣ, ಹುಳಿ ತಾಗಿದರೆ ಕರಗಿ ಹೊಳಪು ಹೋಗುತ್ತದೆ. ಸಿಹಿನೀರು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ತೊಳೆದ ಚಿಪ್ಪನ್ನು ಪ್ಲೈವುಡ್ ಡ್ರಾಯರಿನಲ್ಲಿ ಮುಚ್ಚಿಟ್ಟರೂ ಕೆಲವು ವರ್ಷಗಳಲ್ಲಿ ಮೇಲೆ ಬಿಳಿ ಹಿಟ್ಟು ಬೆಳೆಯಬಹುದು. ಮರದಿಂದಲೂ ಅಂಟಿನಿಂದಲೂ ಹೊರಡುವ ಆಮ್ಲದ ಆವಿ ಚಿಪ್ಪನ್ನು ತಿನ್ನುವ ಈ ಬಗೆಗೆ ಬೈನ್ ರೋಗವೆಂದೇ ಹೆಸರಿದೆ. ಗಾಜಿನ ಭರಣಿಯಲ್ಲಿಟ್ಟು ಕಿಟಕಿಯ ಕಟ್ಟೆಯ ಮೇಲಿಡಿ, ಬೆಳಕಿಗೂ ಚೆಂದ.

ಎತ್ತಿಕೊಳ್ಳುವ ಮುನ್ನ ಶಂಖವನ್ನು ತಿರುಗಿಸಿ ನೋಡಿ. ಒಳಗೆ ಸನ್ಯಾಸಿ ಏಡಿ ಇದ್ದರೆ ಅದು ಇನ್ನೊಬ್ಬರ ಮನೆ. ಹವಳ, ಹವಳದ ಬಂಧುವಾದ ಕಡಲ ಬೀಸಣಿಗೆ, ಕಡಲಕುದುರೆ ಇವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಸತ್ತು ದಡಕ್ಕೆ ಬಿದ್ದದ್ದು ಎಂಬ ಸಮಜಾಯಿಷಿ ನಡೆಯುವುದಿಲ್ಲ, ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದೂ ನಡೆಯುವುದಿಲ್ಲ. ದಡದಲ್ಲಿ ಒಳಗೇನಿದೆಯೆಂದು ಗೊತ್ತಿಲ್ಲದ ಡಬ್ಬ, ಪೀಪಾಯಿ ಸಿಕ್ಕಿದರೆ ಹತ್ತಿರವೂ ಹೋಗಬೇಡಿ. 2025ರ ಮೇ ತಿಂಗಳಲ್ಲಿ ಕೊಚ್ಚಿಯ ಆಚೆ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಕೂಡ ಇತ್ತು. ನೀರು ತಾಗಿದರೆ ಉರಿಯುವ ಅನಿಲ ಹುಟ್ಟಿಸುವ ವಸ್ತು ಅದು.

ಇನ್ನು ಕೊಂಡು ತರುವವು. ಗುಜರಾತಿನ ಭಾವನಗರ ಜಿಲ್ಲೆಯ ಅಲಂಗ್‌ನಲ್ಲಿ 1983ರಿಂದ ಹಡಗು ಒಡೆಯುತ್ತಾರೆ. ಅಲ್ಲಿಗೆ ಹೋಗುವ ರಸ್ತೆಯ ಎರಡೂ ಬದಿ ಹಡಗಿನ ಸಾಮಾನಿನ ಅಂಗಡಿಗಳೇ: ಕುರ್ಚಿ, ಪಿಂಗಾಣಿ, ಹಿತ್ತಾಳೆಯ ದೀಪ, ದುಂಡು ಕಿಟಕಿ. ನನಗೆ ಇಷ್ಟವಾದದ್ದು ಪಂಜರವಿರುವ ದೀಪಗಳು. ಅವುಗಳ ಒಳಗಿನ ವೈರು, ಹೋಲ್ಡರ್ ಎಲ್ಲವನ್ನೂ ಕಿತ್ತು ಹೊಸದು ಹಾಕಿಸಿ, ಅರ್ತಿಂಗ್ ಕೊಡಿಸಿ. ಹಳೆಯ ಹಡಗಿನ ಬಾಗಿಲು, ಗೋಡೆಯ ಹಲಗೆ ಬೇಡವೇ ಬೇಡ. ಅವುಗಳೊಳಗೆ ಶ್ವಾಸಕೋಶಕ್ಕೆ ಕೆಡುಕಾದ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಹಡಗುಗಳಲ್ಲಿ ಹೊಸದಾಗಿ ಕಲ್ನಾರು ಹಾಕುವುದಕ್ಕೆ ಅಂತರರಾಷ್ಟ್ರೀಯ ನಿಯಮ ಸಂಪೂರ್ಣ ತಡೆ ಒಡ್ಡಿದ್ದು 2011ರಲ್ಲಿ. ಕತ್ತಲಲ್ಲಿ ಹೊಳೆಯುವ ಅಂಕಿಗಳ ಹಳೆಯ ದಿಕ್ಸೂಚಿ, ಗಡಿಯಾರಗಳನ್ನು ತಲೆದಿಂಬಿನ ಪಕ್ಕ ಇಡಬೇಡಿ. ಆ ಬಣ್ಣದಲ್ಲಿ ವಿಕಿರಣ ಸೂಸುವ ರೇಡಿಯಂ ಇದ್ದಿರಬಹುದು. ಈಗ ಹೊಳೆಯುತ್ತಿಲ್ಲವಲ್ಲ ಎಂದರೆ, ಹೊಳಪು ಕೊಡುವ ಪುಡಿ ಸತ್ತಿರುತ್ತದೆ ಅಷ್ಟೇ. ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು.

ಹಳೆಯದೆಂದು ಹೊಸದನ್ನು ಮಾರುವುದೂ ಉಂಟು. "ಕೆಲ್ವಿನ್ ಅಂಡ್ ಹ್ಯೂಸ್, ಲಂಡನ್, 1917" ಎಂದು ಕೆತ್ತಿದ ಹಿತ್ತಾಳೆಯ ಉಪಕರಣಗಳು ಎಲ್ಲೆಲ್ಲೂ ಸಿಗುತ್ತವೆ. ಆ ಹೆಸರಿನ ಕಂಪನಿ ರೂಪುಗೊಂಡದ್ದು 1947ರಲ್ಲಿ. ಚಂದ ಕಂಡರೆ ಕೊಳ್ಳಿ, ಹೊಸ ಹಿತ್ತಾಳೆಯ ಬೆಲೆ ಕೊಡಿ.

ಕೋಣೆಯಲ್ಲಿ ಇಂಥ ದೊಡ್ಡ ವಸ್ತು ಒಂದೇ ಇರಲಿ, ಜೊತೆಗೆ ಚಿಕ್ಕವು ಎರಡು. ಮಂಚದ ಮೇಲೆ ಮೀನಿನ ಬಲೆ ಇಳಿಬಿಡುವ ಆಸೆ ಅನೇಕರಿಗಿದೆ. ನಾನು ಒಪ್ಪುವುದಿಲ್ಲ. ಬಲೆ ಧೂಳು ಹಿಡಿಯುತ್ತದೆ, ಮಲಗಿದವರು ರಾತ್ರಿಯಿಡೀ ಅದನ್ನೇ ಉಸಿರಾಡುತ್ತಾರೆ. ಕಡಲ ಅಲಂಕಾರವೆಂದು ಹಾಕಿಸುವ ನೀಲಿ ಬಿಳಿ ಪಟ್ಟೆಯೂ ನಮ್ಮದಲ್ಲ. ಜುಲೈನಲ್ಲಿ ನಮ್ಮ ಕಡಲು ಕೆಸರುಬೂದಿ, ನಮ್ಮ ಮನೆಗಳದ್ದು ಕೆಂಪು ನೆಲ, ಸುಣ್ಣದ ಗೋಡೆ. ಆ ಬಣ್ಣಗಳ ಮುಂದೆ ದೋಣಿಯ ಹಳೆಯ ಹುಟ್ಟೊಂದನ್ನು ನಿಲ್ಲಿಸಿ ನೋಡಿ, ಎಷ್ಟು ಗಂಭೀರವಾಗಿ ಕಾಣುತ್ತದೆ! ಹಿತ್ತಾಳೆಯ ದುಂಡು ಕಿಟಕಿಗೆ ಕನ್ನಡಿ ಕೂರಿಸುವುದಾದರೆ ತಲೆಯ ಮೇಲಂತೂ ತೂಗುಹಾಕಬೇಡಿ. ನಮ್ಮ ಮುರಕಲ್ಲಿನ ಗೋಡೆ ಪುಡಿಯಾಗುವ ಜಾತಿ, ಮೊಳೆಯನ್ನು ನಂಬಬೇಡಿ. ಉದ್ದದ ಆಂಕರ್ ಬೋಲ್ಟ್ ಹಾಕಿಸಿ.

ಮಲ್ಪೆಯ ಆ ಹಲಗೆಯನ್ನು ಇಳಿಸಿ ಐದು ವಾರ ತೊಟ್ಟಿಯಲ್ಲಿಟ್ಟೆವು. ಒಣಗಲು ಜನವರಿಯೇ ಬಂತು. ಈ ಸಲ ಕಬ್ಬಿಣದ ಮೊಳೆ ಬಿಟ್ಟು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ, ಹಲಗೆಗೂ ಗೋಡೆಗೂ ನಡುವೆ ಒಂದು ಬೆರಳಿನಷ್ಟು ಸಂದು ಬಿಟ್ಟೆ. ಮರುವರ್ಷದ ಜುಲೈನಲ್ಲಿ ಹೋದಾಗ ಆ ಸಂದಿಗೆ ಬಿಳಿ ಕರವಸ್ತ್ರ ತೂರಿಸಿ ಎಳೆದೆ. ಒಣಗಿಯೇ ಬಂತು.