ಒಣಗದ ಕಂದು ಬಣ್ಣ: ಡೇವಿಡ್ ವಿಲ್ಕಿಯ ಚಿತ್ರಗಳಿಗೆ ಆದದ್ದೇನು?

ಲಂಡನ್ನಿನ ಟೇಟ್ ಕಲಾಸಂಗ್ರಹದಲ್ಲಿರುವ, ಸ್ಕಾಟ್ಲೆಂಡಿನ ಚಿತ್ರಕಾರ ಡೇವಿಡ್ ವಿಲ್ಕಿಯ ಕೃತಿಗಳ ಪೈಕಿ ಎರಡನ್ನು ಹೋಲಿಸಿ ನೋಡಬೇಕು. 1806ರ ‘ಕುರುಡ ಪಿಟೀಲುಗಾರ’ ಮರದ ಹಲಗೆಯ ಮೇಲಿನ ಪುಟ್ಟ ಚಿತ್ರ. ಬಡವರ ಮನೆಯೊಳಗೆ ಅಲೆಮಾರಿ ವಾದಕ ನುಡಿಸುತ್ತಿದ್ದರೆ, ತಂದೆ ಚಿಟಿಕೆ ಹಾಕಿ ಕೂಸನ್ನು ನಗಿಸುತ್ತಾನೆ. ತುಂಟ ಹುಡುಗನೊಬ್ಬ ಒಲೆಯ ತಿದಿಯನ್ನೇ ಪಿಟೀಲಿನಂತೆ ಹಿಡಿದು ವಾದಕನನ್ನು ಅಣಕಿಸುತ್ತಾನೆ. 1832ರಲ್ಲಿ ಪ್ರದರ್ಶನಗೊಂಡ, ಧರ್ಮಸುಧಾರಕ ಜಾನ್ ನಾಕ್ಸ್ ಉಪದೇಶಿಸುತ್ತಿರುವ ಚಿತ್ರವು ಇದಕ್ಕಿಂತ ಕಾಲು ಶತಮಾನ ಕಿರಿಯದು. ಆದರೂ ಬಿರುಕುಬಿಟ್ಟು ತೀವ್ರವಾಗಿ ಹಾಳಾಗಿರುವುದು ಅದೇ.

ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದ ಪಾದ್ರಿಯೊಬ್ಬರ ಮಗನಾಗಿ 1785ರಲ್ಲಿ ಹುಟ್ಟಿದ ವಿಲ್ಕಿ, ಎಡಿನ್‌ಬರೋದಲ್ಲಿ ಕಲಿತು, 1805ರಲ್ಲಿ ಲಂಡನ್ ಸೇರಿ, ಮನೆವಾರ್ತೆಯ ದೃಶ್ಯಗಳಿಂದಲೇ ಹೆಸರು ಮಾಡಿದ. 1825ರ ಸುಮಾರಿಗೆ ಆರೋಗ್ಯ ಕೆಟ್ಟು, ಇಟಲಿ, ಸ್ಪೇನ್ ಸುತ್ತಿ, ಸ್ಪೇನಿನ ಹಳೆಯ ಚಿತ್ರಕಾರರಾದ ವೆಲಾಸ್ಕೆಸ್ ಮತ್ತು ಮುರಿಲ್ಲೋರ ಚಿತ್ರಗಳನ್ನು ಕಣ್ತುಂಬ ನೋಡಿ ಮರಳಿದವನ ಕುಂಚ ಬದಲಾಗಿತ್ತು: ಬೀಸು ದೊಡ್ಡದಾಯಿತು, ನೆರಳು ಗಾಢವಾಯಿತು. 1830ರಲ್ಲಿ ಅರಸನ ಅಧಿಕೃತ ಚಿತ್ರಕಾರನಾದ ಮೇಲೆ ಭಾವಚಿತ್ರಗಳಿಗೂ ಬೇಡಿಕೆ ಹೆಚ್ಚಿತು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಶವವನ್ನು ಬ್ರಿಟಿಷ್ ಸೇನಾನಿ ಡೇವಿಡ್ ಬೇರ್ಡ್ ಪತ್ತೆಹಚ್ಚುವ, ನಮಗೆ ಪರಿಚಿತವಾದ 1839ರ ಚಿತ್ರವೂ ಈ ಕಾಲದ್ದೇ. ಅದನ್ನು ಬರೆಸಿದವಳು ಬೇರ್ಡ್‌ನ ವಿಧವೆ ಎಂಬುದನ್ನು ಮರೆಯದೆ ಅದನ್ನು ನೋಡುವುದು ಒಳ್ಳೆಯದು.

ಆ ಗಾಢ ನೆರಳಿಗೆ ವಿಲ್ಕಿ ಬಳಸಿದ್ದು ಬಿಟುಮೆನ್, ಅಂದರೆ ನಮ್ಮ ರಸ್ತೆಯ ಡಾಂಬರಿನ ಜಾತಿಯ ವಸ್ತು. ತೆಳುವಾಗಿ ಬಳಿದಾಗ ಅದು ಬೆಚ್ಚನೆಯ, ಪಾರದರ್ಶಕ ಕಂದು ಬಣ್ಣವನ್ನು ಕೊಡುತ್ತದೆ. ತೈಲವರ್ಣದಲ್ಲಿರುವ ಅಗಸೆ ಎಣ್ಣೆಯು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಬಿಟುಮೆನ್‌ನಲ್ಲಿರುವ ಕೆಲವು ಸಂಯುಕ್ತಗಳು ಈ ಹೆಣಿಗೆಯನ್ನೇ ತಡೆಯುತ್ತವೆ. ಹೀಗಾಗಿ ಅಡಿಯ ಕಂದು ಪದರ ವರ್ಷಗಟ್ಟಲೆ ಮೆತ್ತಗೇ ಇದ್ದು, ಬಿಸಿಗೆ ಮತ್ತಷ್ಟು ಸಡಿಲಗೊಳ್ಳುತ್ತದೆ. ಅದರ ಮೇಲೆ ಬೇಗ ಒಣಗುವ ಬಣ್ಣವನ್ನು ಹಚ್ಚಿದರೆ, ಕೆಳಗೆ ಕೆಸರಿದ್ದೂ ಮೇಲೆ ಒಣಗಿದ ಕೆರೆಯಂಗಳದಂತೆ, ಮೇಲ್ಪದರ ಕುಗ್ಗಿ, ಹರಿದು, ತುಂಡುತುಂಡಾಗಿ ಜಾರುತ್ತದೆ.

ವಿಲ್ಕಿಯೊಬ್ಬನೇ ಇದಕ್ಕೆ ಮರುಳಾದವನಲ್ಲ. ಹಳೆಯ ಮಹಾಚಿತ್ರಗಳ ಹೊಂಬಣ್ಣ ಮಿಶ್ರಿತ ಕಂದಿಗೆ ಆ ಕಾಲದ ಅನೇಕರು ಸೋತಿದ್ದರು. ಸಂರಕ್ಷಕರ ಪಾಡು ಇಂದಿಗೂ ಕಷ್ಟದ್ದೇ, ಏಕೆಂದರೆ ಮಾಸಿದ ವಾರ್ನಿಷನ್ನು ತೆಗೆಯುವ ದ್ರಾವಕಗಳು ಕೆಳಗಿನ ಬಿಟುಮೆನ್ನನ್ನೂ ಕರಗಿಸಬಲ್ಲವು.