ನಿದ್ದೆಯಿಂದೆದ್ದ ಲ್ಯಾಪ್‌ಟಾಪ್‌ನಲ್ಲಿ ವೈಫೈ ಯಾಕೆ ಕಾಣುವುದಿಲ್ಲ?

ಲ್ಯಾಪ್‌ಟಾಪ್ ಮುಚ್ಚಿಟ್ಟು ಸ್ವಲ್ಪ ಹೊತ್ತು ಬಿಟ್ಟು ತೆರೆದರೆ ಪರದೆ ಬರುತ್ತದೆ, ವೈಫೈ ಬರುವುದಿಲ್ಲ. ಕೆಲವರಿಗೆ ಟಚ್‌ಪ್ಯಾಡ್ ಸತ್ತಂತಿರುತ್ತದೆ. ಇನ್ನು ಕೆಲವರಿಗೆ ಸೌಂಡ್ ಇಲ್ಲ, ಇಲ್ಲವೇ ಪರದೆಯೇ ಕಪ್ಪು. ರೀಸ್ಟಾರ್ಟ್ ಮಾಡಿದರೆ ಎಲ್ಲವೂ ಸರಿ. ಭಾಗವೇ ಕೆಟ್ಟಿದ್ದರೆ ರೀಸ್ಟಾರ್ಟ್ ಮಾಡಿದ ಮಾತ್ರಕ್ಕೆ ಸರಿಹೋಗುತ್ತಿತ್ತಾ? ಆದರೂ ಎಷ್ಟೋ ಜನ ದುಡ್ಡು ಕೊಟ್ಟು ಹೊಸ ವೈಫೈ ಕಾರ್ಡ್ ಹಾಕಿಸಿಕೊಳ್ಳುತ್ತಾರೆ. ಹೆಚ್ಚಿನ ಸಲ ತೊಂದರೆ ಇರುವುದು ಕಾರ್ಡಿನಲ್ಲಲ್ಲ, ಅದನ್ನು ಎಬ್ಬಿಸುವ ಕೆಲಸದಲ್ಲಿ. ಆ ಕೆಲಸ ಯಾರದು ಅನ್ನುವುದು ಮೂವತ್ತು ವರ್ಷಗಳಿಂದ ಕೈ ಬದಲಾಯಿಸುತ್ತಲೇ ಬಂದಿದೆ.

ಹಳೆಯ ರೀತಿಯ ಸ್ಲೀಪ್‌ನಲ್ಲಿ ರ್‍ಯಾಮ್‌ಗೆ ಮಾತ್ರ ಸ್ವಲ್ಪ ವಿದ್ಯುತ್ ಹೋಗುತ್ತಿರುತ್ತದೆ. ಪ್ರೊಸೆಸರ್ ಆಫ್. ವೈಫೈ, ಗ್ರಾಫಿಕ್ಸ್, ಸೌಂಡ್ ಚಿಪ್‌ಗಳು ತಮ್ಮೊಳಗಿನ ಸೆಟ್ಟಿಂಗ್‌ಗಳನ್ನೆಲ್ಲ ಮರೆತಿರುತ್ತವೆ. ಎದ್ದ ಮೇಲೆ ಆಯಾ ಡ್ರೈವರ್, ಅಂದರೆ ಆ ಭಾಗವನ್ನು ನಡೆಸುವ ಸಾಫ್ಟ್‌ವೇರ್, ಅವನ್ನು ಮತ್ತೆ ಬರೆಯಬೇಕು. ಕಂಪ್ಯೂಟರ್ ಹೊಸದಾಗಿ ಶುರುವಾಗುವಾಗ ಡ್ರೈವರ್ ಹಿಡಿಯುವ ದಾರಿ ಒಂದು, ನಿದ್ದೆಯಿಂದ ಏಳುವಾಗ ಹಿಡಿಯುವ ದಾರಿ ಇನ್ನೊಂದು. ಮೊದಲನೆಯದನ್ನು ಎಲ್ಲರೂ ಚೆನ್ನಾಗಿ ಪರೀಕ್ಷಿಸುತ್ತಾರೆ. ಎರಡನೆಯದರಲ್ಲಿ ತಪ್ಪು ಉಳಿದುಬಿಡುತ್ತದೆ.

1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ವಿದ್ಯುತ್ ಉಳಿಸಲು ಎಪಿಎಂ ಎಂಬ ಪದ್ಧತಿ ತಂದವು. ಮಲಗಿಸುವ, ಎಬ್ಬಿಸುವ ಕೆಲಸದ ಬಹುಪಾಲು, ಯಂತ್ರವನ್ನು ಶುರುಮಾಡುವ ಮದರ್‌ಬೋರ್ಡಿನ ಪ್ರೋಗ್ರಾಮ್ ಆದ ಬಯಾಸ್‌ನದ್ದೇ ಆಗಿತ್ತು. ಮದರ್‌ಬೋರ್ಡ್ ಮೇಲೆಯೇ ಇದ್ದ ಭಾಗಗಳಿಗೆ ಇದು ನಡೆಯುತ್ತಿತ್ತು. ಬಳಸುವವರು ಆಮೇಲೆ ಸಿಕ್ಕಿಸಿದ ಕಾರ್ಡಿನ ಪರಿಚಯ ಬಯಾಸ್‌ಗೆ ಇರುತ್ತಿರಲಿಲ್ಲ.

1996ರ ಡಿಸೆಂಬರ್‌ನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಎಂಬ ಹೊಸ ಪದ್ಧತಿ ಹೊರತಂದವು. ಜವಾಬ್ದಾರಿ ಆಪರೇಟಿಂಗ್ ಸಿಸ್ಟಮ್‌ಗೆ ಬಂತು. ರ್‍ಯಾಮ್ ಮಾತ್ರ ಎಚ್ಚರವಿರುವ ನಿದ್ದೆಗೆ ಎಸ್3 ಎಂಬ ಹೆಸರು ಬಿತ್ತು. ಯಂತ್ರದಲ್ಲಿ ಏನೇನಿದೆ, ಹೇಗೆ ಮಲಗಿಸಬೇಕು ಅನ್ನುವುದನ್ನು ತಯಾರಕರು ಬಯಾಸ್‌ನ ಕೋಷ್ಟಕಗಳಲ್ಲಿ ಬರೆದಿಡಬೇಕು. ಆ ಕೋಷ್ಟಕಗಳಲ್ಲಿ ಚಿಕ್ಕ ಪ್ರೋಗ್ರಾಮ್‌ಗಳೂ ಇರುತ್ತವೆ. ಆದರೆ ಬಹಳಷ್ಟು ತಯಾರಕರು ಅವನ್ನು ವಿಂಡೋಸ್‌ನಲ್ಲಿ ಮಾತ್ರ ಓಡಿಸಿ ನೋಡಿದರು. "ನೀನು ಯಾವ ಸಿಸ್ಟಮ್?" ಎಂದು ಬಯಾಸ್ ಕೇಳಿದರೆ, ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಇವತ್ತಿಗೂ "ವಿಂಡೋಸ್" ಅಂತಲೇ ಉತ್ತರ ಕೊಡುತ್ತದೆ. ನಿಜ ಹೇಳಿದರೆ ಯಾರೂ ಪರೀಕ್ಷಿಸದ ಸಾಲುಗಳು ಓಡುವ ಅಪಾಯ. 2007ರಲ್ಲಿ ಲಿನಕ್ಸ್ ಕರ್ನಲ್, ಅಂದರೆ ಆ ಸಿಸ್ಟಮ್‌ನ ತಿರುಳು, ತನ್ನ ಸ್ವಂತ ಹೆಸರು ಹೇಳುವುದನ್ನು ನಿಲ್ಲಿಸಿತು.

ಆ ಕಾಲದ ಲಿನಕ್ಸ್ ಬಳಕೆದಾರರಿಗೆ ಜಾಸ್ತಿ ಕಾಟ ಕೊಟ್ಟದ್ದು ಕಪ್ಪು ಪರದೆ. ಯಂತ್ರ ಶುರುವಾಗುವಾಗ ಗ್ರಾಫಿಕ್ಸ್ ಚಿಪ್ಪನ್ನು ಸಿದ್ಧಮಾಡುತ್ತಿದ್ದದ್ದು ವಿಡಿಯೋ ಬಯಾಸ್. ನಿದ್ದೆಯಿಂದ ಏಳುವಾಗ ಅದನ್ನು ಯಾರೂ ಓಡಿಸುತ್ತಿರಲಿಲ್ಲ. ಲಿನಕ್ಸ್ ಡೆವಲಪರ್ ಮ್ಯಾಥ್ಯೂ ಗ್ಯಾರೆಟ್ ಬರೆದ ವಿಬಿಇಟೂಲ್‌ನಂಥ ಸಲಕರಣೆಗಳು ಆ ಬಯಾಸನ್ನು ಮತ್ತೆ ಕರೆದು ಹೇಗೋ ಪರದೆ ತರಿಸುತ್ತಿದ್ದವು. 2009ರಿಂದ ಪರದೆಯ ಹೊಣೆಯನ್ನು ಕರ್ನಲ್ ತಾನೇ ವಹಿಸಿಕೊಂಡಿತು. ಇಂಟೆಲ್ ಗ್ರಾಫಿಕ್ಸ್‌ನಿಂದ ಶುರುವಾದ ಆ ಬದಲಾವಣೆಯ ನಂತರ ಈ ಕಾಟ ತುಂಬಾ ಕಡಿಮೆಯಾಯಿತು.

ಇಷ್ಟಾದರೂ ಏಳುವಾಗ ಯಂತ್ರ ಮಧ್ಯದಲ್ಲೇ ಸಿಕ್ಕಿಕೊಂಡರೆ ತಪ್ಪು ಯಾರದೆಂದು ತಿಳಿಯುವುದು ಹೇಗೆ? ಪರದೆ ಇಲ್ಲ, ಡಿಸ್ಕ್ ಇಲ್ಲ, ನೆಟ್‌ವರ್ಕ್ ಇಲ್ಲ. ಪವರ್ ತೆಗೆದರೆ ರ್‍ಯಾಮ್ ಖಾಲಿ. 2006ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಇದಕ್ಕೆ ಹುಡುಕಿದ ಉಪಾಯ ಈ ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ಪವರ್ ಹೋದರೂ ಬದುಕಿರುವುದು ಗಡಿಯಾರದ ಚಿಪ್ ಒಂದೇ, ಅದಕ್ಕೆ ತನ್ನದೇ ಬ್ಯಾಟರಿ ಇದೆ. ಹಾಗಾಗಿ ಒಂದೊಂದು ಭಾಗವನ್ನು ಎಬ್ಬಿಸುವ ಮೊದಲು ಅದರ ಗುರುತಿನ ಸಂಖ್ಯೆಯನ್ನು ತಾರೀಖು ಮತ್ತು ಸಮಯದ ರೂಪದಲ್ಲಿ ಗಡಿಯಾರಕ್ಕೆ ಬರೆದುಬಿಡುವುದು. ಯಂತ್ರ ಸಿಕ್ಕಿಕೊಂಡರೆ ತಕ್ಷಣ ರೀಬೂಟ್ ಮಾಡಬೇಕು. ಗಡಿಯಾರ ಓಡುತ್ತಲೇ ಇರುವುದರಿಂದ ಮೂರು ನಿಮಿಷದ ಒಳಗೆ ಓದಿಕೊಳ್ಳದಿದ್ದರೆ ಗುರುತು ಕೆಟ್ಟುಹೋಗುತ್ತದೆ. ಓದಿಕೊಂಡರೆ ಕೊನೆಯದಾಗಿ ಏಳಲು ಹೊರಟ ಭಾಗ ಯಾವುದೆಂದು ತಿಳಿಯುತ್ತದೆ. ಆಮೇಲೆ ತಾರೀಖು ತಪ್ಪಾಗಿರುತ್ತದೆ, ಸರಿಮಾಡಿಕೊಂಡರಾಯಿತು. ಪಿಎಂ ಟ್ರೇಸ್ ಎಂಬ ಈ ಸೌಲಭ್ಯ ಕರ್ನಲ್‌ನಲ್ಲಿ ಈಗಲೂ ಇದೆ.

ವೈಫೈ ಕಾರ್ಡಿನ ಕಷ್ಟ ಬೇರೆ. ಎಷ್ಟೋ ಕಾರ್ಡ್‌ಗಳಿಗೆ ಪ್ರತಿಸಲ ಡಿಸ್ಕಿನಿಂದ, ಕಾರ್ಡಿನೊಳಗೇ ಓಡುವ ಪ್ರೋಗ್ರಾಮ್ ಆದ ಫರ್ಮ್‌ವೇರ್ ಫೈಲ್ ತುಂಬಬೇಕು. ಏಳುವ ಹೊತ್ತಿಗೆ ಡಿಸ್ಕೇ ಇನ್ನೂ ಎದ್ದಿರದಿದ್ದರೆ? 2012ರಲ್ಲಿ ಲಿನಕ್ಸ್, ಮಲಗುವ ಮುಂಚೆಯೇ ಆ ಫೈಲನ್ನು ರ್‍ಯಾಮ್‌ಗೆ ತಂದಿಟ್ಟುಕೊಳ್ಳಲು ಶುರುಮಾಡಿತು.

ಅದೇ 2012ರಲ್ಲಿ ವಿಂಡೋಸ್ 8 ಜೊತೆ ಕನೆಕ್ಟೆಡ್ ಸ್ಟ್ಯಾಂಡ್‌ಬೈ ಬಂತು. ವಿಂಡೋಸ್ 10ರಲ್ಲಿ ಅದು ಮಾಡರ್ನ್ ಸ್ಟ್ಯಾಂಡ್‌ಬೈ ಆಯಿತು. ಫೋನ್‌ನ ಹಾಗೆ, ಲ್ಯಾಪ್‌ಟಾಪ್ ಪೂರ್ತಿ ಮಲಗದೆ ಅರೆ ಎಚ್ಚರದಲ್ಲಿರುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಿಂದ ಎಸ್3 ಒಂದೊಂದಾಗಿ ಮಾಯವಾಯಿತು. 2018ರ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್‌ನಲ್ಲಿ ಎಸ್3 ಇಲ್ಲದ್ದು ನೋಡಿ ಲಿನಕ್ಸ್ ಬಳಕೆದಾರರು ದೂರಿದರು. ಲೆನೊವೊ ಅದೇ ವರ್ಷ ಬಯಾಸ್ ಅಪ್‌ಡೇಟ್‌ನಲ್ಲಿ ಆಯ್ಕೆ ಕೊಟ್ಟಿತು. ಎಲ್ಲ ತಯಾರಕರೂ ಹೀಗೆ ಮಾಡಬೇಕಿತ್ತು. ದುಡ್ಡು ಕೊಟ್ಟವರಿಗೆ ಯಾವ ನಿದ್ದೆ ಬೇಕೆಂದು ಆರಿಸುವ ಹಕ್ಕಾದರೂ ಬೇಡವೇ? ಮಾಡರ್ನ್ ಸ್ಟ್ಯಾಂಡ್‌ಬೈ ಪದ್ಧತಿಯಲ್ಲಿ ಒಂದೇ ಒಂದು ಭಾಗ ಎಚ್ಚರವಿದ್ದರೂ ಇಡೀ ಯಂತ್ರ ಆಳದ ನಿದ್ದೆಗೆ ಇಳಿಯುವುದಿಲ್ಲ. ಬ್ಯಾಗಿನಲ್ಲಿಟ್ಟ ಲ್ಯಾಪ್‌ಟಾಪ್ ಬಿಸಿಯಾಗುವುದು, ಬೆಳಿಗ್ಗೆ ಬ್ಯಾಟರಿ ಖಾಲಿಯಾಗಿರುವುದು ಹೆಚ್ಚಾಗಿ ಇದರಿಂದಲೇ.

ನಿಮ್ಮ ಯಂತ್ರದಲ್ಲಿ ತೊಂದರೆ ಕಂಡರೆ, ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್‌ಗೆ ಹೋಗಿ ಆ ಭಾಗವನ್ನು ಡಿಸೇಬಲ್ ಮಾಡಿ ಮತ್ತೆ ಎನೇಬಲ್ ಮಾಡಿ. ಲಿನಕ್ಸ್‌ನಲ್ಲಾದರೆ ಅದರ ಡ್ರೈವರ್ ಮಾಡ್ಯೂಲ್ ತೆಗೆದು ಮತ್ತೆ ಹಾಕಿ. ಅಷ್ಟಕ್ಕೇ ಜೀವ ಬಂದರೆ ಭಾಗ ಚೆನ್ನಾಗಿಯೇ ಇದೆ, ಎಬ್ಬಿಸುವುದರಲ್ಲಿ ತಪ್ಪಿದೆ ಎಂದು ತಿಳಿಯಬಹುದು. ಆಗ ತಯಾರಕರ ಜಾಲತಾಣದಿಂದ ಆ ಮಾಡೆಲ್‌ನ ಡ್ರೈವರ್ ಮತ್ತು ಬಯಾಸ್ ಅಪ್‌ಡೇಟ್ ತಂದು ಹಾಕಿ. ಬಯಾಸ್ ಹಾಕುವಾಗ ಚಾರ್ಜರ್ ಸಿಕ್ಕಿಸಿರಲಿ. ಡಿವೈಸ್ ಮ್ಯಾನೇಜರ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ಇದ್ದರೆ, ವಿದ್ಯುತ್ ಉಳಿಸಲು ಆ ಭಾಗವನ್ನು ಆಫ್ ಮಾಡಬಹುದೆಂಬ ಟಿಕ್ ತೆಗೆದು ನೋಡಿ. ಮಾಡರ್ನ್ ಸ್ಟ್ಯಾಂಡ್‌ಬೈ ಇರುವ ಯಂತ್ರಗಳಲ್ಲಿ ಆ ಟ್ಯಾಬ್ ಎಷ್ಟೋ ಸಲ ಇರುವುದೇ ಇಲ್ಲ.

ಇನ್ನೊಂದು ವಿಷಯ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗಲೂ ಕರ್ನಲ್‌ನ ಸ್ಥಿತಿ ಡಿಸ್ಕಿನಲ್ಲಿ ಉಳಿದಿರುತ್ತದೆ, ಮತ್ತೆ ಆನ್ ಮಾಡಿದಾಗ ಅದೇ ವಾಪಸ್ ಬರುತ್ತದೆ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿದರೆ ಮಾತ್ರ ಪೂರ್ತಿ ಆಫ್ ಆಗುತ್ತದೆ. ಹಾಗೆ ಆಫ್ ಮಾಡಿ ಆನ್ ಮಾಡಿದ ಮೇಲೂ ವೈಫೈ ಕಾಣದಿದ್ದರೆ ಆಗ ಕಾರ್ಡನ್ನು ಅನುಮಾನಿಸಿ, ರಿಪೇರಿಗೆ ಕೊಡಿ.