ಅಳಿವೆ ಬಿಟ್ಟು ಪಣಂಬೂರಿಗೆ: ಮಂಗಳೂರಿನ ಬಂದರು ಜಾಗ ಬದಲಿಸಿದ ಕತೆ

ಹಳೆ ಬಂದರಿನ ಹೂಳು, ಉಳ್ಳಾಲದ ಕಡಲ್ಕೊರೆತ, ಕಾಟಿಪಳ್ಳ–ಕೃಷ್ಣಾಪುರದ ನಿರ್ವಸಿತರ ಅಹವಾಲು. ಮಂಗಳೂರಿನ ಪತ್ರಿಕೆಗಳಲ್ಲಿ ಈ ಮೂರೂ ಬೇರೆ ಬೇರೆ ಸುದ್ದಿಗಳಾಗಿ ಬರುತ್ತವೆ. ಹಿಂದಕ್ಕೆ ಹೋಗಿ ನೋಡಿದರೆ ಮೂರರ ಬೇರೂ ಒಂದೇ: ಹಡಗು ಎಲ್ಲಿ ನಿಲ್ಲಬೇಕು ಎಂಬ ಹಳೆಯ ಪ್ರಶ್ನೆ.

ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕೂಡಿ ಕಡಲು ಸೇರುವ ಅಳಿವೆಯೇ ಈ ಊರನ್ನು ಊರಾಗಿಸಿದ್ದು. 12ನೇ ಶತಮಾನದಲ್ಲಿ ಬೆನ್ ಯಿಜು ಎಂಬ ಯಹೂದಿ ವರ್ತಕ ಇಲ್ಲೇ ವರ್ಷಗಟ್ಟಲೆ ನೆಲೆಸಿ ವ್ಯಾಪಾರ ಮಾಡಿದ. 14ನೇ ಶತಮಾನದಲ್ಲಿ ಇಬ್ನ್ ಬತೂತಾ ಹಾದುಹೋದ. ಆಮೇಲೆ ಪೋರ್ಚುಗೀಸರು, ಕೆಳದಿಯವರು, ಹೈದರ್–ಟಿಪ್ಪು, ಕಂಪನಿ ಸರಕಾರ, ಎಲ್ಲರೂ ಕಣ್ಣಿಟ್ಟದ್ದು ಇದೇ ಅಳಿವೆಯ ಮೇಲೆ. ಹೊಳೆಯೊಳಗೆ ಯುದ್ಧನೌಕೆಗಳು ನುಗ್ಗದಂತೆ ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿ ಎಂಬ ಕಾವಲು ಗೋಪುರ ಬೋಳೂರಿನಲ್ಲಿ ಇನ್ನೂ ಇದೆ.

ಆದರೆ ಅಳಿವೆಗೆ ಹುಟ್ಟಿನಿಂದಲೇ ಒಂದು ಕೊರತೆ. ಮಳೆಗಾಲದ ನೆರೆ ಹೊತ್ತು ತರುವ ಮಣ್ಣು, ಕಡಲು ಹಿಂದಕ್ಕೆ ತಳ್ಳುವ ಮರಳು ಎರಡೂ ಬಾಯಲ್ಲೇ ದಿಬ್ಬವಾಗಿ ಕೂರುತ್ತವೆ. ದೊಡ್ಡ ಹಡಗುಗಳು ಹೊರಗೆ ಕಡಲಲ್ಲೇ ಲಂಗರು ಹಾಕಬೇಕು, ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕು, ಮಳೆ ಹಿಡಿದರೆ ಎಲ್ಲವೂ ಸ್ತಬ್ಧ. 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಮಂಗಳೂರು ಹೆಂಚು ದೇಶಾಂತರ ಹೋಯಿತು, ಘಟ್ಟದ ಕಾಫಿಯೂ ಇಲ್ಲಿಂದಲೇ ಹಡಗು ಹತ್ತಿತು. ವ್ಯಾಪಾರ ಬೆಳೆದಷ್ಟೂ ಅಳಿವೆ ಇಕ್ಕಟ್ಟಾಯಿತು. 1907ರಲ್ಲಿ ರೈಲು ಬಂತು, ಅದೂ ಕೇರಳದ ಕಡೆಯಿಂದ. ಘಟ್ಟದ ಮೇಲಿನ ನಾಡಿಗೆ ರೈಲು ಹಳಿ ಸಿಗಲು ಇನ್ನೂ ಏಳು ದಶಕ ಕಾಯಬೇಕಾಯಿತು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಯವರೆಗೆ ಕಡಲೇ ಇಲ್ಲದಿದ್ದ ರಾಜ್ಯಕ್ಕೆ ಕರಾವಳಿ ಸಿಕ್ಕಿತು, ಸರ್ವಋತು ಬಂದರು ಬೇಕೆಂಬ ಮಾತಿಗೆ ಬಲ ಬಂತು. ಅದಕ್ಕಾಗಿ ದಿಲ್ಲಿಯಲ್ಲಿ ಪಟ್ಟು ಹಿಡಿದವರು ಸಂಸದ ಯು. ಶ್ರೀನಿವಾಸ ಮಲ್ಯ. ಹೂಳಿನ ಕಾಟವಿಲ್ಲದ ಜಾಗ ಹುಡುಕುತ್ತಾ ಯೋಜನೆ ಅಳಿವೆ ಬಿಟ್ಟು ಉತ್ತರಕ್ಕೆ ಸರಿದು ಪಣಂಬೂರಿನಲ್ಲಿ ನಿಂತಿತು. 1962ರಲ್ಲಿ ಕೆಲಸ ಶುರುವಾಯಿತು. ಮಲ್ಯರು 1965ರಲ್ಲಿ ತೀರಿಕೊಂಡರು, ಬಂದರು ನೋಡಲಿಲ್ಲ.

ಪಣಂಬೂರಿನಲ್ಲಿ ನದಿಯೂ ಇಲ್ಲ, ಕೊಲ್ಲಿಯೂ ಇಲ್ಲ. ಹಾಗಾಗಿ ದಡದ ನೆಲವನ್ನೇ ಅಗೆದು ಕಡಲನ್ನು ಒಳಗೆ ಕರೆತರಬೇಕಾಯಿತು. ಅಗೆಯಬೇಕಾದ ಆ ನೆಲದಲ್ಲಿ ಜನ ಇದ್ದರು. ಪಣಂಬೂರು, ಬೈಕಂಪಾಡಿಯ ಕುಟುಂಬಗಳು ಮನೆ, ಗದ್ದೆ, ತೆಂಗಿನ ತೋಟ ಬಿಟ್ಟು ಕಾಟಿಪಳ್ಳ, ಕೃಷ್ಣಾಪುರದ ಕಡೆಗೆ ಹೋದವು. ಅಲ್ಲಿನ ವಿಳಾಸಗಳಲ್ಲಿ ಇಂದಿಗೂ ಎರಡನೇ ಬ್ಲಾಕ್, ಏಳನೇ ಬ್ಲಾಕ್ ಎಂದೇ ಬರೆಯುತ್ತಾರೆ. ಹಂಚಿಕೆಯ ಸಂಖ್ಯೆಯೇ ಊರ ಗುರುತಾಗಿ ಉಳಿಯಿತು. ಬೇಸಾಯದಲ್ಲಿ ಬದುಕಿದವರಿಗೆ ನಿವೇಶನ ಕೊಟ್ಟರೆ ಪುನರ್ವಸತಿ ಮುಗಿಯಿತು ಎಂದು ಆ ಕಾಲದ ಕಡತಗಳು ಭಾವಿಸಿದಂತಿದೆ. ಬಂದರಿನ ಚರಿತ್ರೆ ಹೇಳುವಾಗ ಎಂಜಿನಿಯರಿಂಗ್ ಸಾಧನೆಯ ಪಕ್ಕದಲ್ಲೇ ಇವರ ತ್ಯಾಗವನ್ನೂ ಹೇಳಬೇಕು. ಹೇಳುವುದು ಕಡಿಮೆ.

1974ರ ಮೇ 4ರಂದು ಪಣಂಬೂರಿನ ಹೊಸ ಬಂದರು ದೇಶದ ಒಂಬತ್ತನೇ ಪ್ರಮುಖ ಬಂದರಾಯಿತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಸರಕು ಎಲ್ಲಿಂದ ಎಂಬ ಚಿಂತೆಗೆ ಕುದುರೆಮುಖ ಉತ್ತರ ಕೊಟ್ಟಿತು: ಘಟ್ಟದ ಕಬ್ಬಿಣದ ಅದಿರನ್ನು ನೀರಿನಲ್ಲಿ ಕಲಸಿ ಸುಮಾರು 67 ಕಿ.ಮೀ. ಕೊಳವೆಯಲ್ಲಿ ಪಣಂಬೂರಿಗೆ ಇಳಿಸುವ ವ್ಯವಸ್ಥೆ. ಸಾಲ ಕೊಟ್ಟು ಅದಿರು ಕೊಳ್ಳಬೇಕಿದ್ದ ಇರಾನ್ 1979ರ ಕ್ರಾಂತಿಯ ನಂತರ ಹಿಂದೆ ಸರಿಯಿತು. ಬೇರೆ ಗಿರಾಕಿಗಳು ಸಿಕ್ಕರು. ಕೊನೆಗೆ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಆ ಹೊತ್ತಿಗೆ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ ಬಂದು ದಶಕವಾಗಿತ್ತು. ಅದಿರಿನ ಬಂದರು ಕಚ್ಚಾತೈಲ, ಅಡುಗೆ ಅನಿಲ, ಕಲ್ಲಿದ್ದಲಿನ ಬಂದರಾಯಿತು.

ಹೊಸ ಬಂದರು ಬಂದರೂ ಹಳೆಯದು ಸಾಯಲಿಲ್ಲ. ಲಕ್ಷದ್ವೀಪಕ್ಕೆ ತರಕಾರಿ, ಕಟ್ಟಡ ಸಾಮಗ್ರಿ ಹೊತ್ತ ಮಂಜಿಗಳು (ಮರದ ಸರಕು ಹಡಗುಗಳು) ಅಲ್ಲಿಂದಲೇ ಹೊರಡುತ್ತವೆ, ಅಲ್ಲಿನ ಧಕ್ಕೆ, ಅಂದರೆ ದೋಣಿಕಟ್ಟೆ, ಮೀನುಗಾರಿಕೆಯ ಕೇಂದ್ರವಾಗಿದೆ. ಬೋಟುಗಳಿಗೆ ದಾರಿ ಬೇಕೆಂದು ಅಳಿವೆಯ ಎರಡೂ ಬದಿಗೆ ಕಲ್ಲಿನ ತಡೆಗೋಡೆ ಚಾಚಿದರು. ಮರಳಿನ ಸಹಜ ಓಡಾಟಕ್ಕೆ ಅದು ಅಡ್ಡ ಬಂತು, ಅಳಿವೆಯ ದಕ್ಷಿಣ ದಡದ ಉಳ್ಳಾಲವನ್ನು ಕಡಲು ಕೊರೆಯಲು ಅದೂ ಕಾರಣ ಎಂಬುದು ದಡದ ಜನರ ಮಾತು. ಕೊರೆತ ಮೊದಲೂ ಇತ್ತು, ನಿಜ. ಆದರೆ ಕಡಲಿಗೆ ಕಲ್ಲು ಇಳಿಸಿದ ಮೇಲೆ ಪಕ್ಕದ ದಡ ಏನಾಯಿತು ಎಂದು ನೋಡುವ ಹೊಣೆಯೂ ಇಳಿಸಿದವರದೇ. ಮುಂದೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವಿನಲ್ಲಿ ಉಳ್ಳಾಲದ ಎದುರು ನೀರಿನೊಳಗೆ ಕೃತಕ ದಿಬ್ಬ ಕಟ್ಟುವವರೆಗೆ ವಿಷಯ ಬೆಳೆಯಿತು.

ಪೆರ್ಮುದೆ, ಕುತ್ತೆತ್ತೂರು, ಕಳವಾರುಗಳಲ್ಲಿ ಕೈಗಾರಿಕೆಗಾಗಿ ಮತ್ತೆ ಭೂಸ್ವಾಧೀನದ ಮಾತೆದ್ದಾಗ ರೈತರು ಬೀದಿಗಿಳಿದದ್ದನ್ನು ಅಭಿವೃದ್ಧಿ ವಿರೋಧ ಎಂದು ಕರೆದವರಿದ್ದಾರೆ. ಕಾಟಿಪಳ್ಳ ಈ ರೈತರಿಗೆ ಕೂಗಳತೆಯ ದೂರ. ನೆಲ ಕೊಟ್ಟವರಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ಕಣ್ಣಾರೆ ಕಂಡವರು ಅವರು. ಉದ್ಯೋಗದ ಭರವಸೆ ಬರಹದಲ್ಲಿ ಕೊಡಿ ಎಂದು ಅವರು ಕೇಳಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ.